ಏಳು ಶಿಖರ, ಒಂದೇ ಹಗಲು

ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅಮೆರಿಕದ ಈಶಾನ್ಯ ಮೂಲೆಯ ನ್ಯೂಹ್ಯಾಂಪ್‌ಶೈರ್ ರಾಜ್ಯದ ಮೌಂಟ್ ವಾಷಿಂಗ್ಟನ್ 1,917 ಮೀಟರ್. ಎತ್ತರದಲ್ಲಿ ನಮ್ಮದೇ ಒಂದು ಕೈ ಮೇಲು! ಆದರೆ ಜನವರಿಯಲ್ಲಿ ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿ ದೇವಸ್ಥಾನದ ಮುಂದೆ ನಾವು ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಅಲ್ಲಿ ನೆಟ್ಟಗೆ ನಿಲ್ಲುವುದೇ ಸಾಹಸ.

ವಾಷಿಂಗ್ಟನ್ ಒಂಟಿ ಬೆಟ್ಟವಲ್ಲ. ಅಧ್ಯಕ್ಷರ ಹೆಸರು ಹೊತ್ತ ಒಂದು ಸಾಲಿನ ಹಿರಿಯಣ್ಣ. ಉತ್ತರದಿಂದ ಮ್ಯಾಡಿಸನ್, ಆಡಮ್ಸ್, ಜೆಫರ್ಸನ್, ವಾಷಿಂಗ್ಟನ್, ಮನ್ರೋ, ಐಸೆನ್‌ಹೋವರ್, ಪಿಯರ್ಸ್. ಚಳಿಗಾಲದಲ್ಲಿ ಈ ಏಳನ್ನೂ ಒಂದೇ ದಿನದಲ್ಲಿ ದಾಟಬೇಕೆಂಬುದು ಅಲ್ಲಿನ ಚಾರಣಿಗರ ದೊಡ್ಡ ಆಸೆ. ದೂರ ಸುಮಾರು 30 ಕಿಲೋಮೀಟರ್. ಹತ್ತಿ, ಇಳಿದು, ಮತ್ತೆ ಹತ್ತುವ ಏರನ್ನೆಲ್ಲ ಕೂಡಿದರೆ 2,600 ಮೀಟರಿಗೂ ಹೆಚ್ಚು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಒಂಬತ್ತು ಗಂಟೆಗಿಂತ ಕಡಿಮೆ. ಹಾಗಾಗಿ ತಲೆಗೆ ದೀಪ ಕಟ್ಟಿಕೊಂಡು ನಸುಕಿಗೆ ಮುಂಚೆಯೇ ಹೊರಡಬೇಕು.

ನಿಜವಾದ ಎದುರಾಳಿ ಗಾಳಿ. ಸುಮಾರು 1,400 ಮೀಟರಿನಲ್ಲೇ ಮರಗಳು ಮುಗಿಯುತ್ತವೆ. ಆಮೇಲೆ ಬರೀ ಬಂಡೆ, ಮಂಜುಗಡ್ಡೆ. ಪಶ್ಚಿಮದಿಂದ ಬರುವ ಗಾಳಿ ಈ ಸಾಲಿಗೆ ಅಡ್ಡಸಿಕ್ಕಿ, ಮೇಲೇರಿ, ಇಕ್ಕಟ್ಟಿನಲ್ಲಿ ನುಗ್ಗುವಾಗ ವೇಗ ಹೆಚ್ಚಿಸಿಕೊಳ್ಳುತ್ತದೆ. 1934ರ ಏಪ್ರಿಲ್ 12ರಂದು ಶಿಖರದ ಹವಾಮಾನ ವೀಕ್ಷಣಾಲಯ ಗಂಟೆಗೆ 372 ಕಿಲೋಮೀಟರ್ ವೇಗ ದಾಖಲಿಸಿತು. 1996ರಲ್ಲಿ ಆಸ್ಟ್ರೇಲಿಯದ ಬ್ಯಾರೋ ದ್ವೀಪದಲ್ಲಿ ಚಂಡಮಾರುತವೊಂದು ಅದನ್ನು ಮೀರಿಸುವವರೆಗೂ ಜಗತ್ತಿನ ದಾಖಲೆ ಅದೇ. ಬೇಸಿಗೆಯಲ್ಲಿ ಇದೇ ಶಿಖರಕ್ಕೆ ಕಾರಿನಲ್ಲೂ ಹೋಗಬಹುದು, ಹಲ್ಲುಚಕ್ರದ ರೈಲಿನಲ್ಲೂ ಹೋಗಬಹುದು ಎಂದರೆ ನಂಬುತ್ತೀರಾ?

ಸಾಮಾನ್ಯವಾಗಿ ಮ್ಯಾಡಿಸನ್‌ನಿಂದಲೇ ಶುರು. ಕಾಲಿನಲ್ಲಿ ಕಸುವಿರುವಾಗಲೇ ದೊಡ್ಡ ಏರುಗಳು ಮುಗಿಯಲಿ ಎಂಬ ಲೆಕ್ಕ. ದಕ್ಷಿಣಕ್ಕೆ ನಡೆಯುವಾಗ ವಾಯವ್ಯದ ಗಾಳಿ ಬೆನ್ನ ಕಡೆಯಿಂದ, ಬಲಮಗ್ಗುಲಿನಿಂದ ಬರುತ್ತದೆ. ಹಿತವೆನ್ನಿಸುವ ಈ ಅನುಕೂಲವೇ ಬೋನು ಕೂಡ. ಸಾಕೆಂದು ಹಿಂದಿರುಗಿದ ಕ್ಷಣ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಬಂದ ದಾರಿಯೇ ಹೋಗುವ ದಾರಿ ಎಂಬ ನಂಬಿಕೆ ಅಲ್ಲಿ ನಡೆಯದು.

2015ರ ಫೆಬ್ರುವರಿ 15ರಂದು 32 ವರ್ಷದ ಒಬ್ಬ ಮಹಿಳೆ ಒಂಟಿಯಾಗಿ ಉತ್ತರದ ನಾಲ್ಕು ಶಿಖರಗಳಿಗೆ ಹೊರಟರು. ಬೇರೆ ಬೇರೆ ಖಂಡಗಳ ಮಹಾಶಿಖರಗಳನ್ನು ಹತ್ತಿದ್ದವರು ಅವರು. ಒಳ್ಳೆಯ ಉಡುಪಿತ್ತು, ಉಪಗ್ರಹ ಫೋನಿತ್ತು, ಆಪತ್ತಿನ ಸಂಕೇತ ಕಳುಹಿಸುವ ಯಂತ್ರವಿತ್ತು. ಬಿರುಗಾಳಿಯ ಮುನ್ಸೂಚನೆಯೂ ಇತ್ತು. ಮಧ್ಯಾಹ್ನ ಸಂಕೇತ ಬಂತು. ಆದರೆ ಅದು ತೋರಿಸಿದ ಸ್ಥಳಗಳು ಒಂದಕ್ಕೊಂದು ಹೊಂದಲಿಲ್ಲ. ರಾತ್ರಿಯೇ ಹೊರಟ ರಕ್ಷಣಾ ತಂಡ ಗಾಳಿಗೆ ಸೋತು ಮರಳಿತು. ಮರುದಿನ ಆಡಮ್ಸ್ ಮತ್ತು ಮ್ಯಾಡಿಸನ್ ನಡುವೆ ಸಿಕ್ಕಿದ್ದು ಅವರ ಶವ.

ದೇಹ ತಣ್ಣಗಾಗುತ್ತ ಹೋದಂತೆ ವಿವೇಚನೆಯೂ ಮಂಕಾಗುತ್ತದೆ. ಮಾತು ತೊದಲುತ್ತದೆ, ಬೆರಳು ಗುಂಡಿ ಹಾಕಲು ಒಲ್ಲೆನ್ನುತ್ತದೆ, ‘ಇನ್ನೊಂದು ಶಿಖರ ತಾನೆ’ ಎನ್ನಿಸುತ್ತದೆ. ಅದಕ್ಕೇ ತಿಳಿದವರು ಹಿಂದಿರುಗುವ ಗಳಿಗೆಯನ್ನು ಮನೆಯಲ್ಲಿ, ಬೆಚ್ಚಗೆ ಕುಳಿತಿರುವಾಗಲೇ ಬರೆದಿಡುತ್ತಾರೆ: ಇಷ್ಟು ಗಂಟೆಗೆ ಜೆಫರ್ಸನ್ ಮುಟ್ಟದಿದ್ದರೆ ಇಂಥ ದಾರಿಯಲ್ಲಿ ಇಳಿಯುವುದು, ಗಾಳಿ ಇಷ್ಟು ಮೀರಿದರೆ ಮರಗಳ ಸಾಲು ದಾಟುವುದೇ ಇಲ್ಲ. ಚೀಟಿಯ ಒಂದು ಪ್ರತಿ ಮನೆಯವರ ಕೈಯಲ್ಲಿ. ಮಗ ಅಥವಾ ಮಗಳು ಕುದುರೆಮುಖಕ್ಕೋ ಕುಮಾರಪರ್ವತಕ್ಕೋ ಹೊರಟಾಗ ಸ್ವೆಟರ್ ಇಟ್ಟೆಯಾ ಎಂದು ಕೇಳುವ ತಂದೆತಾಯಂದಿರು ಈ ಚೀಟಿಯನ್ನೂ ಕೇಳಲಿ. ಮಕ್ಕಳು ಸಿಡುಕಬಹುದು, ಸಿಡುಕಲಿ ಬಿಡಿ.

ಸಣ್ಣ ಉಪಾಯಗಳೂ ಉಂಟು. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬಾಟಲಿಯನ್ನು ತಲೆಕೆಳಗಾಗಿ ಇಡುತ್ತಾರೆ, ಮುಚ್ಚಳ ಕಚ್ಚಿಕೊಳ್ಳುವುದಿಲ್ಲ. ಚಳಿಗೆ ಬ್ಯಾಟರಿ ಸೊರಗುವುದರಿಂದ ಅದಕ್ಕೆ ಅಂಗಿಯ ಒಳಗೆ ಜಾಗ.

ಎಲ್ಲ ಕೂಡಿಬಂದವರು ಪಿಯರ್ಸ್ ಇಳಿದು ಮರಗಳ ನಡುವೆ ಹೊಕ್ಕಾಗ ಕತ್ತಲಾಗಿರುತ್ತದೆ. ದಿನವಿಡೀ ಕಿವಿಯಲ್ಲಿದ್ದ ಮೊರೆತ ದೂರವಾಗುತ್ತದೆ. ಕೆಳಗೆ ರಸ್ತೆಬದಿಯಲ್ಲಿ ಮೊದಲೇ ನಿಲ್ಲಿಸಿ ಹೋದ ಎರಡನೆಯ ಕಾರು ಕಾಯುತ್ತಿರುತ್ತದೆ. ಅದರ ಕೀಲಿಕೈ 30 ಕಿಲೋಮೀಟರ್ ಹಿಂದಿನ ಮೊದಲ ಕಾರಿನಲ್ಲೇ ಉಳಿದಿರಬಾರದು, ಅಷ್ಟೆ.