ಮಳೆಯ ಸದ್ದಿಗೆ ಎದ್ದು ಓಡುವ ನೆನಪು

ಮಕ್ಕಳೇ, ಹೋದ ವರ್ಷ ಜಾತ್ರೆಯಲ್ಲಿ ಬೆಂಡು-ಬತ್ತಾಸು ತಿಂದದ್ದನ್ನು ಬೇಕೆಂದಾಗ ನೆನೆಯುತ್ತೇವೆ, ಸಾಕೆನಿಸಿದರೆ ಬಿಡುತ್ತೇವೆ. ಆದರೆ ಕೆಲವು ನೆನಪು ಕರೆಯದೆ ಬರುತ್ತವೆ. ಬಂದಾಗ ‘ಅಂದು ಹೀಗಾಗಿತ್ತು’ ಅನಿಸುವುದಿಲ್ಲ, ‘ಈಗಲೇ ಆಗುತ್ತಿದೆ’ ಅನಿಸುತ್ತದೆ. ಡಾಕ್ಟರು ಇದನ್ನು ಫ್ಲ್ಯಾಷ್‌ಬ್ಯಾಕ್ ಎನ್ನುತ್ತಾರೆ. ಸಿನಿಮಾದ ಫ್ಲ್ಯಾಷ್‌ಬ್ಯಾಕ್ ಅಲ್ಲ. ಅಲ್ಲಿ ನಾವು ಕುರ್ಚಿಯಲ್ಲಿ ಕೂತು ನೋಡುತ್ತೇವೆ, ಇಲ್ಲಿ ಒಳಗೇ ಸಿಕ್ಕಿಕೊಳ್ಳುತ್ತೇವೆ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವಲ್ಲ, ಆಗ ಮಕ್ಕಂದೂರಿನ ಕಡೆಯಿಂದ ನನ್ನ ತಂಗಿಯ ಸಂಸಾರ ಉಟ್ಟ ಬಟ್ಟೆಯಲ್ಲಿ ಹುಣಸೂರಿನ ನಮ್ಮ ಮನೆಗೆ ಬಂತು. ಅವಳ ಮೊಮ್ಮಗನಿಗೆ ಆಗ ಮೂರನೇ ಕ್ಲಾಸು. ದೀಪಾವಳಿಯ ಹೊತ್ತಿಗೆ ನಗುತ್ತಾ ಆಡಿಕೊಂಡಿದ್ದ. ಮುಂದಿನ ಮುಂಗಾರಿನ ಒಂದು ಸಂಜೆ ಹಿತ್ತಲಿನ ಶೀಟಿನ ಮೇಲೆ ಮಳೆ ಬಡಿದದ್ದೇ ತಡ, ಉಣ್ಣುತ್ತಿದ್ದವನು ತಟ್ಟೆ ಬಿಟ್ಟೆದ್ದು ಚಪ್ಪಲಿ ಹುಡುಕತೊಡಗಿದ. ಕೂಗಿದರೂ ಕೇಳಿಸಲಿಲ್ಲ.

ನಮ್ಮ ಮಿದುಳಿನಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯ ಬಂತೆಂದು ಗಂಟೆ ಬಾರಿಸುವುದು ಅದರ ಕೆಲಸ. ಪಾಪ, ಅದಕ್ಕೆ ಕ್ಯಾಲೆಂಡರ್ ನೋಡಲು ಬಾರದು. ಅಂದಿನ ಸದ್ದೋ ವಾಸನೆಯೋ ಮತ್ತೆ ಸಿಕ್ಕರೆ ಸಾಕು, ಬಾರಿಸಿಬಿಡುತ್ತದೆ. ಹಾಗೆ ಕೆಣಕುವುದಕ್ಕೆ ಟ್ರಿಗರ್ ಎಂದು ಹೆಸರು. ಅವನ ಟ್ರಿಗರ್‌ಗಳನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದೆವು: ಶೀಟಿನ ಮೇಲಿನ ಮಳೆ, ಕರೆಂಟ್ ಹೋಗುವುದು, ಜೆಸಿಬಿ ಸದ್ದು, ಹಸಿಮಣ್ಣಿನ ವಾಸನೆ. ಹಸಿಮಣ್ಣಿನ ವಾಸನೆಯೆಂದರೆ ನನಗೆ ಪ್ರಾಣ. ಅವನಿಗೆ ಅದೇ ಹೊಟ್ಟೆ ತೊಳಸುತ್ತಿತ್ತು.

ಅಜ್ಜ-ಅಜ್ಜಿಯರೇ, ‘ಮರೆತುಬಿಡು ಪುಟ್ಟಾ’ ಎನ್ನುವುದು ನಮ್ಮ ಬಾಯಿಗೆ ಸುಲಭ. ಮರೆಯುವುದು ಅವನ ಕೈಯಲ್ಲಿದ್ದರೆ ಮರೆಯುತ್ತಿರಲಿಲ್ಲವೇ? ಹಿಡಿದು ಅಲುಗಿಸಬೇಡಿ, ಎದುರಿಗೆ ಕೂತು ಮೆಲ್ಲಗೆ ಮಾತಾಡಿ ಎಂದರು ಆಪ್ತಸಮಾಲೋಚಕಿ. “ನಾನು ದೊಡ್ಡಜ್ಜಿ. ಇದು ಹುಣಸೂರು. ಇವತ್ತು ಬುಧವಾರ,” ಎನ್ನುತ್ತಿದ್ದೆ. ಆಮೇಲೆ ಎಣಿಕೆ: ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು, ಮೂಸುವ ಎರಡು, ರುಚಿಯ ಒಂದು. ಕೊನೆಯದಕ್ಕೆಂದು ಅವನ ಜೇಬಿನಲ್ಲಿ ಸದಾ ಒಂದು ಏಲಕ್ಕಿ. ಕಣ್ಣು, ಕೈ, ಮೂಗು ಸೇರಿ ‘ಇದು ಇಂದು’ ಎಂದು ಮಿದುಳಿಗೆ ಹೇಳಬೇಕು.

ಮಳೆ ಬಂದಾಗೆಲ್ಲ ಅವನನ್ನು ಕಂಬಳಿಯೊಳಗೆ ಅಡಗಿಸಿದರೆ ಹೆದರಿಕೆ ಬೆಳೆಯುತ್ತದಂತೆ. ಎಳೆದು ಮಳೆಯಲ್ಲಿ ನಿಲ್ಲಿಸುವುದೂ ತಪ್ಪು. ಸಮಾಲೋಚಕಿ ಹೇಳಿದಂತೆ ಮೊದಲು ಜಗಲಿಯಲ್ಲಿ ಎರಡು ನಿಮಿಷ, ಮುಂದಿನ ವಾರ ಐದು. ನಡುವೆ ಹಿಂದೆ ಬಿದ್ದದ್ದೂ ಉಂಟು. ನಿದ್ದೆ, ಊಟ, ಶಾಲೆ ಕೆಟ್ಟು ವಾರಗಟ್ಟಲೆ ಆದರೆ ಮನೆಮದ್ದು ಸಾಲದು. ಈಗಂತೂ 2022ರಲ್ಲಿ ಶುರುವಾದ ಟೆಲಿ-ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹಣ ಕೊಡಬೇಕಿಲ್ಲ.

ಇಷ್ಟರಲ್ಲಿ ನಾವ್ಯಾರೂ ಹುಡುಗನ ಅಜ್ಜನ ಕಡೆ ನೋಡಿರಲಿಲ್ಲ. ಮಳೆ ಜೋರಾದ ರಾತ್ರಿಗಳಲ್ಲಿ ಅವರು ಟಾರ್ಚ್ ಹಿಡಿದು ಮನೆಯ ಹಿಂದೆ ಮಣ್ಣು ಜಾರುತ್ತಿದೆಯೇ ಎಂದು ನೋಡುತ್ತಿದ್ದರು. ಅಲ್ಲಿ ಗುಡ್ಡವೇ ಇಲ್ಲ. ಒಂದು ರಾತ್ರಿ ಹುಡುಗನೇ ಎದ್ದು ಹೋಗಿ, “ಅಜ್ಜ, ಕಾಣೋ ಐದು ಹೇಳಿ,” ಅಂದ. ಅವರು ಟಾರ್ಚು, ಬಕೆಟ್ಟು, ತುಳಸಿಕಟ್ಟೆ ಎಂದು ನಿಧಾನವಾಗಿ ಎಣಿಸತೊಡಗಿದರು.