ಹೆಸರಿನ ಬೇಟೆಯಲ್ಲಿ ಮರೆಯಾದ ಚಿತ್ರಗಳು

ಜಪಾನಿನ ಕಾಬುಕಿ ನಟರ ಮರದಚ್ಚಿನ ಚಿತ್ರಗಳ ಚರ್ಚೆಯಲ್ಲಿ ತೋಶೂಸಾಯಿ ಶರಾಕುವಿನ ಹೆಸರು ಬಂದೊಡನೆ ವಿದ್ವತ್ತು ಪತ್ತೇದಾರಿಕೆಯಾಗಿ ಮಾರ್ಪಡುತ್ತದೆ. 1794ರಿಂದ 1795ರ ಆರಂಭದವರೆಗಿನ ಸುಮಾರು ಹತ್ತು ತಿಂಗಳಲ್ಲಿ 140ಕ್ಕೂ ಮಿಕ್ಕ ಚಿತ್ರಗಳನ್ನು ಎದೋ ನಗರಕ್ಕೆ, ಅಂದರೆ ಇಂದಿನ ಟೋಕಿಯೋಗೆ, ಕೊಟ್ಟು ಕಣ್ಮರೆಯಾದ ಈತ ಯಾರು? ಈ ಪ್ರಶ್ನೆ ತಪ್ಪಲ್ಲ. ಇದೊಂದೇ ಪ್ರಶ್ನೆಯೆಂದು ಭಾವಿಸಿದ್ದು ತಪ್ಪು.

ಉತ್ತರವೇ ಇಲ್ಲವೆಂದೂ ಹೇಳುವಂತಿಲ್ಲ. ಆವಾ ಪ್ರಾಂತದ ಪ್ರಭುವಿನ ಆಶ್ರಯದಲ್ಲಿದ್ದ ನೋ ನಾಟಕದ ನಟ ಸಾಯಿತೋ ಜೂರೋಬೆಯಿಯೇ ಶರಾಕು ಎಂದು 1844ರಲ್ಲಿ ಸಾಯಿತೋ ಗೆಶ್ಶಿನ್ ದಾಖಲಿಸಿದ. ಆ ಹೆಸರಿನ ನಟನೊಬ್ಬ ನಿಜಕ್ಕೂ ಇದ್ದನೆಂಬುದಕ್ಕೆ ದೇವಾಲಯವೊಂದರ ಮರಣದಾಖಲೆಯೂ ದೊರೆತಿದೆ. ಆದರೂ ಹೊಕುಸಾಯಿ, ಉತಾಮಾರೋ, ತೊಯೊಕುನಿ ಮೊದಲಾದ ಪ್ರಸಿದ್ಧರನ್ನೆಲ್ಲ ಈ ಹೆಸರಿನ ಹಿಂದೆ ನಿಲ್ಲಿಸಿ ನೋಡಲಾಯಿತು. ಸಾಮಾನ್ಯನೊಬ್ಬನಿಂದ ಇಂತಹ ಕೃತಿ ಸಾಧ್ಯವಿಲ್ಲವೆಂಬ ಪೂರ್ವಗ್ರಹವೇ ಇಲ್ಲಿ ಸಂಶೋಧನೆಯ ವೇಷ ತೊಟ್ಟಿದೆ.

ಇನ್ನು ಚಿತ್ರ ಹುಟ್ಟುವ ಬಗೆಯನ್ನು ನೋಡಬೇಕು. ಕಲಾವಿದನು ತೆಳುಕಾಗದದ ಮೇಲೆ ಬರೆದ ರೇಖಾಚಿತ್ರವನ್ನು ಚೆರ್ರಿ ಮರದ ಹಲಗೆಗೆ ಕವುಚಿ ಅಂಟಿಸಿ, ಆ ಗೆರೆಗಳುದ್ದಕ್ಕೂ ಉಳಿ ನಡೆಸುತ್ತಿದ್ದರು. ಕೆತ್ತುತ್ತಿದ್ದಂತೆ ಮೂಲಚಿತ್ರವೇ ನಾಶವಾಗುತ್ತಿತ್ತು. ಕಾಗದದ ಮೇಲೆ ಉಳಿದದ್ದು ಕೆತ್ತುವವನ ಗೆರೆ. ಬೇರೆಬೇರೆ ಬಣ್ಣಗಳಿಗೆ ಬೇರೆಬೇರೆ ಹಲಗೆಗಳಿದ್ದವು. ಒಂದರ ಅಂಚು ಇನ್ನೊಂದಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಒತ್ತುವುದು ಅಚ್ಚುಗಾರನ ಹೊಣೆ. ಮೊದಲ 28 ದೊಡ್ಡ ಮುಖಚಿತ್ರಗಳ ಹಿನ್ನೆಲೆಯಲ್ಲಿ ಹೊಳೆಯುವ ಅಭ್ರಕದ ಕಪ್ಪು ಕೂಡ ಅಚ್ಚುಮನೆಯ ಕೆಲಸವೇ. ಹಾಳೆಯ ಮೇಲೆ ಶರಾಕುವಿನ ಸಹಿಯಿದೆ, ಪ್ರಕಾಶಕ ತ್ಸುತಾಯಾ ಜೂಜಬುರೋನ ಗುರುತಿದೆ, ಸರ್ಕಾರಿ ಪರಿಶೀಲನೆಯ ಮುದ್ರೆಯೂ ಇದೆ. ಕೆತ್ತಿದವನ ಹೆಸರಿಲ್ಲ, ಒತ್ತಿದವನ ಹೆಸರಿಲ್ಲ. ನಿಜವಾಗಿ ಕಳೆದುಹೋದ ಹೆಸರುಗಳು ಇವು. ಇವನ್ನು ಅರಸಿ ಹೊರಟವರೆಷ್ಟು ಮಂದಿ?

ರೇಖೆಯ ಕಲ್ಪನೆ ಶರಾಕುವಿನದೇ ಅಲ್ಲವೇ ಎಂಬ ಆಕ್ಷೇಪ ಏಳಬಹುದು. ನಿಸ್ಸಂದೇಹವಾಗಿ ಅವನದೇ. ಆದರೆ ಕೆಲವೇ ತಿಂಗಳಲ್ಲಿ ಅದೇ ಸಹಿಯಡಿ ಬಂದ ಕಿರಿದಾದ ಪೂರ್ಣಾಕೃತಿಯ ಚಿತ್ರಗಳು ಮೊದಲಿನವುಗಳಷ್ಟು ಬಿಗಿಯಾಗಿಲ್ಲವೆಂದು ವಿಮರ್ಶಕರೇ ಹೇಳುತ್ತಾರೆ. ಪ್ರತಿಭೆಯೊಂದೇ ಕಾರಣವಾಗಿದ್ದರೆ ಅದು ಇಷ್ಟು ಬೇಗ ಸೊರಗಿದ್ದೇಕೆ? ಹಾಳೆಯ ಅಳತೆ, ಅಭ್ರಕ, ಪ್ರಕಾಶಕನ ವೆಚ್ಚ ಇವೆಲ್ಲವೂ ಆ ಮೊದಲ ಮುಖಗಳಲ್ಲಿ ಪಾಲುದಾರರೆಂದು ಒಪ್ಪದೆ ಗತ್ಯಂತರವಿಲ್ಲ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ನಟನಿಗೆ ಆಗಿದೆ. ಖಳ ಎದೊಬೆಯಿಯ ಪಾತ್ರದಲ್ಲಿ ಮೂರನೆಯ ಓತಾನಿ ಓನಿಜಿ ಬೆರಳುಗಳನ್ನು ಕೆದರಿ, ಕತ್ತು ಮುಂದೆ ಚಾಚಿ ನಿಂತ ಚಿತ್ರ ಜಗತ್ಪ್ರಸಿದ್ಧ. ಆ ಕೈಗಳು ಎದುರಿಗಿರುವ ಇಪ್ಪೆಯಿಯ ಬಳಿಯ ಹಣಕ್ಕಾಗಿ ಹಾತೊರೆಯುತ್ತಿವೆ. ಇಪ್ಪೆಯಿಯಾದ ಇಚಿಕಾವಾ ಓಮೆಜೋನ ಚಿತ್ರ ಪ್ರತ್ಯೇಕ ಹಾಳೆಯಲ್ಲಿದೆ. ಎರಡನ್ನೂ ಒಟ್ಟಿಗಿಟ್ಟಾಗಲೇ ದೃಶ್ಯ ಪೂರ್ಣ. ಓನಿಜಿಯ ಹೆಸರನ್ನು ಹಾಳೆಯಲ್ಲಿ ಬರೆಯುವ ಅಗತ್ಯವೇ ಇರಲಿಲ್ಲ. ಎದೋದ ಪ್ರೇಕ್ಷಕರು ಮುಖ ನೋಡಿ, ಉಡುಪಿನ ಲಾಂಛನ ನೋಡಿ ಗುರುತಿಸುತ್ತಿದ್ದರು. ಅವರು ಕೊಂಡದ್ದು ಓನಿಜಿಯನ್ನು. ಇಂದಿನವರು ನೋಡುವುದು ಶರಾಕುವನ್ನು ಮಾತ್ರ.

ಸಹಿಯ ಹಿಂದಿನ ಮುಖವನ್ನು ಹುಡುಕುವವರು ಸಹಿಯ ಪಕ್ಕದಲ್ಲೇ ಇರುವ ಮುಖವನ್ನು ಮೊದಲು ನೋಡಲಿ. ಅದು ಇನ್ನೂರು ವರ್ಷಗಳಿಂದ ಅಲ್ಲೇ ಇದೆ.