ಅಪ್‌ಡೇಟ್ ಆದ ಮೇಲೂ ಫೋನ್ ಮೊದಲಿನ ಹಾಗೇ ಇದೆ, ಮತ್ತೆ ಅಪ್‌ಡೇಟ್ ಯಾಕೆ?

‘ಅಪ್‌ಡೇಟ್ ಹಾಕಬೇಡಿ, ಹಳೇ ಫೋನ್ ಸ್ಲೋ ಮಾಡಿ ಹೊಸದು ಮಾರುವ ಕಂಪನಿಗಳ ಕುತಂತ್ರ ಅದು’ ಎಂಬ ಧಾಟಿಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ಇದರಲ್ಲಿ ಒಂದು ಎಳೆ ನಿಜ ಇದೆ. ಬ್ಯಾಟರಿ ಸವೆದ ಹಳೆಯ ಐಫೋನ್‌ಗಳು ಇದ್ದಕ್ಕಿದ್ದಂತೆ ಆಫ್ ಆಗಬಾರದೆಂದು ಅಪ್‌ಡೇಟ್ ಮೂಲಕವೇ ಅವುಗಳ ವೇಗ ತಗ್ಗಿಸಿದ್ದನ್ನು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. ಕ್ಷಮೆಯನ್ನೂ ಕೇಳಿತು, ಹೊಸ ಬ್ಯಾಟರಿ ಹಾಕಿಕೊಡುವ ದರವನ್ನೂ ಇಳಿಸಿತು. ಆದರೆ ಅದನ್ನೇ ಹಿಡಿದುಕೊಂಡು ಎಲ್ಲ ಅಪ್‌ಡೇಟ್‌ಗಳನ್ನೂ ಬಿಟ್ಟುಬಿಡುವುದು ಸರಿಯೇ?

ದರೋಜಿ ಕರಡಿಧಾಮದ ವೀಕ್ಷಣಾ ಗೋಪುರಕ್ಕೆ ಒಂದು ಸಂಜೆ ಹೋಗಿ ನೋಡಿ. ಬಂಡೆಗೆ ಬಳಿದ ಸಿಹಿ ನೆಕ್ಕಲು ಕರಡಿ ಬರುತ್ತಿದ್ದಂತೆ ಎಲ್ಲರ ಫೋನೂ ಮೇಲೇಳುತ್ತವೆ. ಹೊಸಪೇಟೆಯಲ್ಲಿ ಮೊನ್ನೆ ಕೊಂಡದ್ದು ಯಾವುದು, ಐದು ವರ್ಷ ಹಳೆಯದು ಯಾವುದು? ಪರದೆ ನೋಡಿ ಹೇಳುವುದು ಕಷ್ಟ. ಎಲ್ಲದರಲ್ಲೂ ಮೇಲಿನಿಂದ ಎಳೆದರೆ ಟಾರ್ಚ್, ಕೆಳಗಿನಿಂದ ತಳ್ಳಿದರೆ ಹೋಂ.

ಮೊದಲು ಹೀಗಿರಲಿಲ್ಲ. 2007ರಲ್ಲಿ ಐಫೋನ್, ಮರುವರ್ಷ ಮೊದಲ ಆಂಡ್ರಾಯ್ಡ್ ಫೋನ್ ಬಂದಾಗ ಎರಡರ ದಾರಿ ಬೇರೆ ಬೇರೆ. ಮೇಲಿನಿಂದ ಎಳೆಯುವ ನೋಟಿಫಿಕೇಶನ್ ಪರದೆ ಆಂಡ್ರಾಯ್ಡ್‌ನಲ್ಲಿ ಮೊದಲಿನಿಂದಲೂ ಇತ್ತು, ಐಫೋನಿಗೆ ಬಂದದ್ದು 2011ರಲ್ಲಿ. ಬಟನ್ ಬದಲು ಬೆರಳಿನಿಂದ ತಳ್ಳುವ ರೀತಿ 2017ರ ಐಫೋನ್ ಎಕ್ಸ್‌ನಲ್ಲಿ ಬಂತು, ಆಂಡ್ರಾಯ್ಡ್ ಅದನ್ನು ತೆಗೆದುಕೊಂಡಿತು. ಕೊಟ್ಟು ತೆಗೆದುಕೊಂಡು ಎರಡೂ ಒಂದೇ ತರ ಆದವು.

ನಮಗೆ ಕನ್ನಡಿಗರಿಗಂತೂ ಒಂದು ಅಪ್‌ಡೇಟ್ ನಿಜಕ್ಕೂ ದೊಡ್ಡದಾಗಿತ್ತು. ಆಗೆಲ್ಲ ಕನ್ನಡದ ಮೆಸೇಜ್ ತೆರೆದರೆ ಎಷ್ಟೋ ಫೋನ್‌ಗಳಲ್ಲಿ ಬರೀ ಚೌಕ ಚೌಕ ಡಬ್ಬಿ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಸೇರಿತು, ಡಬ್ಬಿಗಳ ಜಾಗದಲ್ಲಿ ಅಕ್ಷರ ಬಂತು. ಇವತ್ತು ನೀವು ಕನ್ನಡದ ಫಾರ್ವರ್ಡ್ ಓದುತ್ತಿರುವುದರ ಹಿಂದೆ (ಸುಳ್ಳು ಫಾರ್ವರ್ಡ್ ಕೂಡ!) ಆ ಕೆಲಸವಿದೆ. ಅಷ್ಟು ಕಣ್ಣಿಗೆ ಕಾಣುವ ಜಿಗಿತ ಈಗಿನ ಅಪ್‌ಡೇಟ್‌ಗಳಲ್ಲಿ ಸಿಗುವುದು ಅಪರೂಪ. ಹೆಬ್ಬೆರಳು ಎಲ್ಲಿಯವರೆಗೆ ಚಾಚುತ್ತದೆ ಎಂಬುದು ಬದಲಾಗಿಲ್ಲ. ಕೋಟ್ಯಂತರ ಜನರ ಕೈಗೆ ಕೂತ ರೂಢಿಯನ್ನು ಕದಲಿಸಲು ಕಂಪನಿಗಳಿಗೂ ಧೈರ್ಯವಿಲ್ಲ. 2012ರಲ್ಲಿ ವಿಂಡೋಸ್ 8ರಿಂದ ಸ್ಟಾರ್ಟ್ ಬಟನ್ ಕಿತ್ತ ಮೈಕ್ರೋಸಾಫ್ಟ್, ಜನ ಬೈದ ಮೇಲೆ ಮರುವರ್ಷವೇ ಅದನ್ನು ವಾಪಸ್ ತಂದಿತು.

ಹಾಗಾದರೆ ಕೆಲಸ ನಿಂತಿದೆಯೇ? ಇಲ್ಲ, ಒಳಗೆ ನಡೆಯುತ್ತಿದೆ. 2015ರಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ದೋಷ ಬಯಲಾಯಿತು. ವಿಡಿಯೋ ಇರುವ ಒಂದು ಎಂಎಂಎಸ್ ಬಂದರೆ ಸಾಕು, ನೀವು ತೆರೆಯದಿದ್ದರೂ ಫೋನಿನೊಳಗೆ ಕಳ್ಳ ನುಗ್ಗಬಹುದಿತ್ತು. ಅದಾದ ಮೇಲೆ ಗೂಗಲ್ ಪ್ರತಿ ತಿಂಗಳೂ ಭದ್ರತಾ ತೇಪೆ ಹೊರತರಲು ಆರಂಭಿಸಿತು. ಅವು ಪರದೆಯ ಅಂದ ಬದಲಿಸುವುದಿಲ್ಲ, ತೂತು ಮುಚ್ಚುತ್ತವೆ.

ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆಯ ಹೆಸರಲ್ಲಿ ಬರುವ ಎಪಿಕೆ ಫೈಲ್ ಬಗ್ಗೆ ಪೊಲೀಸರು ಎಚ್ಚರಿಸಿದ್ದನ್ನು ಕೇಳಿರಬಹುದು. ಅದು ಕರೆಯೋಲೆಯಲ್ಲ, ಆಪ್. ಒಳಗೆ ಕೂತು ಒಟಿಪಿ ಓದಿ ಬ್ಯಾಂಕ್ ಖಾತೆ ಬರಿದು ಮಾಡಬಲ್ಲದು. ಪ್ಲೇ ಸ್ಟೋರ್ ಬಿಟ್ಟು ಹೀಗೆ ಹೊರಗಿನಿಂದ ಬಂದ ಆಪ್‌ಗೆ ಪರದೆ ಓದುವ ಅನುಮತಿ ಸುಲಭವಾಗಿ ಸಿಗದಂತೆ 2022ರ ಆಂಡ್ರಾಯ್ಡ್ 13ರಲ್ಲಿ ತಡೆ ಹಾಕಲಾಯಿತು. ಹಳೆಯ ಆವೃತ್ತಿಗಳಲ್ಲಿ ಆ ತಡೆ ಇರಲಿಲ್ಲ. ಇದೂ ವಿನ್ಯಾಸವೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ತಡೆ ಇದ್ದರೂ ನೀವೇ ‘ಅನುಮತಿಸು’ ಒತ್ತುತ್ತಾ ಹೋದರೆ ಯಾವ ಅಪ್‌ಡೇಟೂ ಕಾಯಲಾರದು.

ಒಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ ‘ಸೆಕ್ಯುರಿಟಿ ಅಪ್‌ಡೇಟ್’ ಎಂದು ಹುಡುಕಿ, ಅಲ್ಲಿರುವ ದಿನಾಂಕ ನೋಡಿ. ಕೆಲವು ತಿಂಗಳ ಹಿಂದಿನದಾದರೆ ವೈಫೈ, ಚಾರ್ಜರ್ ಹಾಕಿ ಅಪ್‌ಡೇಟ್ ಮಾಡಿ. ಅದಕ್ಕೂ ಮೊದಲು ಗುಡ್ ಮಾರ್ನಿಂಗ್ ವಿಡಿಯೋಗಳನ್ನು ಅಳಿಸಿ ಜಾಗ ಮಾಡಿ. ಎರಡು ಮೂರು ವರ್ಷ ಹಿಂದಿನದಾಗಿದ್ದು ಹೊಸ ಅಪ್‌ಡೇಟೂ ತೋರಿಸದಿದ್ದರೆ ಆ ಮಾಡೆಲ್‌ಗೆ ಕಂಪನಿ ಕೈಬಿಟ್ಟಿರುವ ಸಾಧ್ಯತೆ ಹೆಚ್ಚು. ಫೋಟೋ, ಹಾಡಿಗೆ ಅದನ್ನು ಬಳಸಿ, ಆದರೆ ಫೋನ್‌ಪೇ, ಬ್ಯಾಂಕ್ ಆಪ್ ಇಟ್ಟುಕೊಳ್ಳಬೇಡಿ. ಮುಂದಿನ ಫೋನ್ ಕೊಳ್ಳುವಾಗ ಅಂಗಡಿಯವರನ್ನು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವುದಕ್ಕಿಂತ ಮೊದಲು, ಎಷ್ಟು ವರ್ಷ ಅಪ್‌ಡೇಟ್ ಎಂದು ಕೇಳಿ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಫೋನ್‌ಗಳಿಗೆ ಏಳು ವರ್ಷದ ಭರವಸೆ ಇದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಅಷ್ಟು ಸಿಗುವುದಿಲ್ಲ, ಅದಕ್ಕೇ ಕೇಳಬೇಕು.